ಸುಮ್ಮನಿದ್ದವಳಿಗೆ ಸೊನ್ನೆ

ಸಾಲ್ತೊ, ಉರುಗ್ವೆ
ಆಗಸ್ಟ್ 14, ಸೋಮವಾರ

ಒಂದೇ ಮನೆಯಲ್ಲಿದ್ದೂ ಪತ್ರ ಬರೆಸಿಕೊಳ್ಳುವ ಅಮ್ಮನಿಗೆ,

ಇವತ್ತು ಬೆಳಿಗ್ಗೆ ಶಾಲೆಯ ಮೆಟ್ಟಿಲ ಮೇಲೆ ಯಾಮಿಲಾ ಸೋರೆಬುರುಡೆಯಲ್ಲಿದ್ದ ಮಾಟೆ ಎಲೆಗೆ ಬಿಸಿನೀರು ಹೊಯ್ದು, ಹೀರುವ ಕೊಳವೆಯನ್ನು ರೊಮಿನಾಳ ಕಡೆ ತಿರುಗಿಸಿ ಕೊಟ್ಟಳು. ತನ್ನ ಅಪ್ಪನನ್ನು ಮಣ್ಣು ಮಾಡಿದ ಮೇಲೆ ರೊಮಿನಾ ಶಾಲೆಗೆ ಬಂದದ್ದು ಇವತ್ತೇ. ಹುಡುಗಿಯರಿಬ್ಬರೂ ಮಾತಾಡಲಿಲ್ಲ. ಗಂಟೆ ಹೊಡೆಯುವವರೆಗೆ ಬುರುಡೆ ಅವರ ನಡುವೆ ಹೋಗಿ ಬರುತ್ತಿತ್ತು. ಕೊನೆಗೆ ರೊಮಿನಾ ಅವಳ ಹೆಗಲಿಗೆ ಒರಗಿ ಅತ್ತಳು.

ಆಮೇಲೆ ಮಕ್ಕಳಿಗೆ ಸಹಾನುಭೂತಿ ಕಲಿಸುವ ನಮ್ಮ ಕಂಪ್ಯೂಟರ್ ಆಟದ ಪೀರಿಯಡ್. ಇವತ್ತು ಬೇಡ ಎಂದು ನಿನ್ನನ್ನು ಬೇಡಿಕೊಂಡಿದ್ದೆ. ಪರದೆಯ ಮೇಲೆ ಗೆಳೆಯನೊಬ್ಬನ ತಂದೆ ಸತ್ತಿದ್ದಾನೆ. ಮೂರು ಸಾಂತ್ವನದ ಮಾತುಗಳಲ್ಲಿ ಒಂದನ್ನು ಆರಿಸಬೇಕು. ಯಾಮಿಲಾ ಯಾವುದನ್ನೂ ಮುಟ್ಟಲಿಲ್ಲ. 'ಸಹಾನುಭೂತಿ: ಸೊನ್ನೆ' ಎಂದು ಬಂತು. ಹಿಂದಿನ ಬೆಂಚಿನ ಫಕುಂದೊ, "ಏ ಕಲ್ಲೇ, ನಿನಗಿಂತ ನಮ್ಮನೆ ಫ್ರಿಜ್ಜೇ ಬೆಚ್ಚಗಿರತ್ತೆ ಕಣೇ" ಅಂತ ರೇಗಿಸಿದ. "ಬಾಯ್ ಮುಚ್ಕೊಳ್ಳೋ ದರಿದ್ರ" ಅಂದಳು ರೊಮಿನಾ. ಇವತ್ತು ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ಇದನ್ನೆಲ್ಲ ಹೇಳಲು ಬಂದರೆ ನೀನು, "ಕಥೆ ಓದಿ ಓದಿ ನಿಂಗೆ ಎಲ್ಲೆಲ್ಲೂ ಕಥೆನೇ ಕಾಣತ್ತೆ ಮರಿ" ಅಂದೆ. "ಎದೇಲಿ ಏನೂ ಇಲ್ಲದ ಹುಡುಗಿ ಪಕ್ಕ ರೊಮಿನಾನ ಕೂರಿಸಕ್ಕಾಗಲ್ಲ, ಯಾಮಿಲಾ ಸಂಜೆ ಪಾಳಿ ಕ್ಲಾಸಿಗೆ ಹೋಗ್ಲಿ. ಗುರುವಾರ ಪೋಷಕರ ಸಭೇಲಿ ಹೇಳ್ಬಿಡ್ತೀನಿ" ಅಂದೆ.

ಆಟದ ಮಾತುಗಳನ್ನು ಬರೆದವಳು ನಾನು. ಸುಮ್ಮನೆ ಜೊತೆಗಿರುವುದಕ್ಕೂ ಅಂಕವಿರಲಿ ಎಂದಿದ್ದೆ. "ಸುಮ್ನಿರೋದನ್ನ ಅಳೆಯೋದು ಹೆಂಗೇ? ಸೊನ್ನೆ ಹಾಕು" ಎಂದವಳು ನೀನು, ಉಪಪ್ರಾಂಶುಪಾಲೆಯ ಕುರ್ಚಿಯಲ್ಲಿ ಕೂತು. ಮಕ್ಕಳಿಗೆ ಮನಸ್ಸು ಓದಲು ಕಲಿಸಿದಾಕೆ ಎಂದು ರಾಜಧಾನಿಯ ಶಿಕ್ಷಣ ಇಲಾಖೆಯವರು ನಿನ್ನನ್ನು ಹೊಗಳಿದಾಗ ನಾನೂ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ.

ನಾಲ್ಕು ಜನರೆದುರು ನಾನು ಎಂದೂ ಮಾತಾಡಿದವಳಲ್ಲ, ನಿನಗೆ ಗೊತ್ತು. ಗುರುವಾರ ಬರುತ್ತೇನೆ. ಯಾಮಿಲಾಳ ಪರವಾಗಿ ಸಭೆಗೆ ಬರುವ ಅವಳ ಅಜ್ಜಿಯ ಪಕ್ಕ ಕೂರುತ್ತೇನೆ. ನೀನು ಆ ಹೆಸರೆತ್ತಿದ ಕೂಡಲೇ ಎದ್ದು ನಿಂತು, ತಪ್ಪಿರುವುದು ಹುಡುಗಿಯಲ್ಲಲ್ಲ, ಆಟದಲ್ಲಿ ಎನ್ನುತ್ತೇನೆ. ಮರುದಿನದಿಂದ ಆ ಆಟದ ಕೆಲಸಕ್ಕೆ ಬರುವುದಿಲ್ಲ.

ನಿನ್ನ ಮಗಳು,
ನೋಯೆಲಿಯಾ

ಇನ್ನೊಂದು ಮಾತು: ಆ ಮೂರು ಸಾಂತ್ವನಗಳು ಎಲ್ಲಿಂದ ಬಂದವೆಂದು ನೀನು ಯಾವತ್ತೂ ಕೇಳಲಿಲ್ಲ. ಅಪ್ಪ ಸತ್ತ ವಾರ ನೀನು ಕೋಣೆಯ ಬಾಗಿಲು ಹಾಕಿಕೊಂಡಿದ್ದೆ. ನಾನು ಹೊರಗೆ ನೆಲದ ಮೇಲೆ ಕೂತಿದ್ದೆ. ನೀನು ಬಂದು ನನಗೆ ಹೇಳಬಹುದೆಂದು ನಾನು ಕಾದ ಮಾತುಗಳು ಅವು.