ಟೈಮ್ ಔಟ್ ಅಂದರೆ ಸತ್ತಿದೆ ಅಂತಲ್ಲ

ನವೆಂಬರ್ 18, ಮಧುಗಿರಿ

…ಅದನ್ನೇ ನಿನ್ನೆಯೂ ಬರೆದೆ, ನನ್ನ ಹೆಂಡತಿ ಲಕ್ಷ್ಮೀದೇವಿಯ ಕಾರನ್ನು ಗುಜರಿಗೆ ಹಾಕುವುದಿಲ್ಲ. ಅವಳು ತೀರಿಹೋಗಿ ಎರಡು ವರ್ಷವಾಯಿತು, ಕಾರೂ ಹೋಗಬೇಕೇನು? ಸ್ಟಾರ್ಟ್ ಆಗುತ್ತಿಲ್ಲವೆಂದು ಶಿರಾದಿಂದ ಮೆಕ್ಯಾನಿಕ್ ನಯಾಜ್ ಇಂದು ಮತ್ತೆ ಬಂದ. ಕಾರಿನ ದೋಷ ಓದುವ ಸ್ಕ್ಯಾನರ್ ಚುಚ್ಚಿ ತೋರಿಸಿದ: ಕಮ್ಯುನಿಕೇಶನ್ ಟೈಮ್ ಔಟ್.

“ನೋಡಿ ಸಾರ್, ಟೈಮ್ ಖತಮ್ ಅಂತ ಅದೇ ಹೇಳ್ತೈತೆ. ಬುಟ್ಬುಡಿ.”

“ಲೇ, ನಾನೂ ಕಾಲೇಜಲ್ಲಿ ಇಂಗ್ಲಿಷ್ ಓದಿದೋನು ಕಣ್ಲಾ. ಕರೆದಾಗ ಹೊತ್ತಿಗೆ ಸರಿಯಾಗಿ ಓಗೊಡಲಿಲ್ಲ ಅಂತ ಅದರರ್ಥ. ನಮ್ಮನೇವ್ಳು ಮುನಿಸ್ಕೊಂಡ್ರೆ ಮೂರು ದಿನ ಮಾತಾಡ್ತಿರ್ಲಿಲ್ಲ. ಆಗ ಸತ್ತೋಗಿದ್ಳಾ?”

ನಯಾಜ್ ನಕ್ಕ. ಬೈದ ಮೇಲೆ ನನಗೆ ನೆನಪಾಯಿತು. ಆಯುಧಪೂಜೆಯ ದಿನ ಹಿತ್ತಾಳೆಯ ಊದಿನಕಡ್ಡಿ ಸ್ಟ್ಯಾಂಡನ್ನು ಸಿಗರೇಟ್ ಲೈಟರಿನ ತೂತಿಗೆ ತುರುಕಿದ್ದು ನಾನೇ. ಆಗ ಚಟ್ ಅಂದಿತ್ತು. ಹೇಳಿದೆ. ಅವನು ಲೈಟರಿನ ಫ್ಯೂಸ್ ಕಿತ್ತು ನೋಡಿದ, ಸುಟ್ಟಿತ್ತು. ಸ್ಕ್ಯಾನರ್ ಚುಚ್ಚುವ ಸಾಕೆಟ್ಟಿಗೂ ಅದೇ ಫ್ಯೂಸಂತೆ. ಹೊಸದು ಹಾಕಿದ ಕೂಡಲೇ ಕಾರು ಬಾಯಿಬಿಟ್ಟಿತು: ಒಂದು ಸೆನ್ಸರ್ ಕೆಟ್ಟಿದೆ, ಸ್ಟಾರ್ಟ್ ಆಗದಿರುವುದು ಅದಕ್ಕೇ, ಅಷ್ಟೇ. ನಾಳೆ ತಂದು ಹಾಕುತ್ತಾನೆ.

ಅವಳು ಕೂತು ಓಡಿಸುತ್ತಿದ್ದ ಸೀಟಿನಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಕು ಹೋಗುತ್ತಿದೆ. ಒಳಗಿನ ದೀಪ ಹಾಕಬಹುದು, ಆದರೆ ಬ್ಯಾಟರಿ ನಾಳೆಗೆ ಬೇಕು.