ಎರಡನೇ ಕೊಡಪಾನ

ಬಂಟವಾಳ
9-3-1962

ನನ್ನ ಕಾಂತಿಗೆ ಅಮ್ಮ ಬರೆಯುವುದು,

ಇಲ್ಲಿ ಎಲ್ಲ ಸೌಖ್ಯ ಎಂದು ಬರೆಯಲು ಈ ಸಲ ಕೈ ಬರುವುದಿಲ್ಲ. ಕೆಳಗಿನ ಮನೆಯ ಜುಲೈಕಾಳಿಗೆ ಗಂಡೋ ಹೆಣ್ಣೋ ಎಂದು ನೀನು ಎರಡು ಕಾಗದಗಳಲ್ಲಿ ಕೇಳಿದೆ. ನಾನು ಹಪ್ಪಳದ ಸುದ್ದಿ, ದನ ಕರು ಹಾಕಿದ ಸುದ್ದಿ ಬರೆದು ಜಾರಿಕೊಂಡೆ. ನಿನ್ನ ಈಗಿನ ಸ್ಥಿತಿಯಲ್ಲಿ ಇಂಥದ್ದನ್ನು ಓದಬಾರದು. ಆದರೆ ನಿಮ್ಮ ಮೂಡಬಿದ್ರೆಗೆ ಬರುವ ಯಾರದೋ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ. ಮಗು ಗಂಡು. ಹುಟ್ಟುವಾಗಲೇ ಉಸಿರಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಪಂಚಾಯತಿಯ ರುಕ್ಮಯ್ಯ ಬಂದಿದ್ದರು. ಪೇಟೆಯವರೆಗೆ ಬಂದ ನಳ್ಳಿ ನೀರನ್ನು ನಮ್ಮ ಗುಡ್ಡದ ಓಣಿಗೂ ತರುತ್ತಾರಂತೆ. ಮನೆಗೆ ಮೂವತ್ತು ರೂಪಾಯಿ ಮೊದಲೇ ಕೊಡಬೇಕು, ಆಮೇಲೆ ತಿಂಗಳಿಗೆ ಒಂದು. ಹನ್ನೆರಡು ಮನೆಯವರೂ ಒಪ್ಪದಿದ್ದರೆ ಪೈಪು ಗುಡ್ಡ ಹತ್ತುವುದಿಲ್ಲ. ನಮ್ಮ ಜಗಲಿಯಲ್ಲೇ ಎಲ್ಲರೂ ಸೇರಿದರು. ಇಂದು ಒಂದು ರೂಪಾಯಿ, ನಾಳೆ ಎರಡು ಎಂದರೆ ಏನು ಮಾಡುವುದೆಂದು ಧರ್ಣಪ್ಪ ಕೇಳಿದ. ಮಾಡಿಗೆ ಹಂಚಿಲ್ಲದವರು ಮೂವತ್ತು ಎಲ್ಲಿಂದ ತರುವುದೆಂದು ಇನ್ನೊಬ್ಬರು. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು, ಬಾವಿ ನಮ್ಮದಲ್ಲವೇ.

"ಬಾವಿ ಉಂಟಲ್ಲ," ಅಂದೆ. "ನಾನು ಯಾರಿಗಾದರೂ ನೀರಿಲ್ಲ ಅಂದದ್ದುಂಟಾ?"

ಅಷ್ಟೇ ಸಾಕಾಯಿತು. ಎಲ್ಲರೂ ಹಗುರಾಗಿ ಎದ್ದು ಹೋದರು. ಜುಲೈಕಾ ಮಾತ್ರ ನಿಂತಿದ್ದಳು. ತನ್ನ ಪಾಲನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು.

"ಅಮ್ಮ, ನನಗೆ ಇದು ಏಳನೇ ತಿಂಗಳು. ನಳ್ಳಿ ಬಂದಿದ್ದರೆ ಒಳ್ಳೆದಿತ್ತು."

ನೀನು ಬಾರದಿದ್ದರೆ ನನಗೆ ಬೆಳಗಾಗುವುದು ಹೇಗೆ ಎಂದು ನಾನು ನಕ್ಕೆ. ತಮಾಷೆಯ ಹಾಗೆ ಹೇಳಿದೆ, ಆದರೆ ಸತ್ಯ ಅದೇ. ನಿನ್ನ ಅಪ್ಪ ಹೋದ ಮೇಲೆ, ನಿನಗೆ ಮದುವೆಯಾದ ಮೇಲೆ, ಈ ಮನೆಗೆ ಜನ ಬರುವುದು ನೀರಿಗೆ. ಅವರ ಜಾತಿಯವರು ನಮ್ಮ ಬಾವಿಯ ಹಗ್ಗ ಮುಟ್ಟುವ ಪದ್ಧತಿ ಇಲ್ಲವಲ್ಲ. ನಾನೇ ಸೇದಿ ಹೊಯ್ಯಬೇಕು, ಅವಳು ಕಾಯಬೇಕು. ಆ ಕಾಯುವ ಹೊತ್ತಿನಲ್ಲೇ ನಮ್ಮ ಸುಖದುಃಖ. ನಾನು ಬೇಕೆಂದೇ ನಿಧಾನ ಸೇದುತ್ತಿದ್ದೆ ಮಗಳೇ. ಆ ಹೊತ್ತು ಹೋಗುತ್ತದೆಂದು ನನಗೆ ನಳ್ಳಿ ಬೇಡವಾಯಿತು.

ಅವಳಿಗೆ ಒಂಬತ್ತು ತಿಂಗಳು ತುಂಬುವುದರಲ್ಲಿತ್ತು. ಆ ದಿನ ಒಂದು ಕೊಡಪಾನ ಮನೆಗೆ ಮುಟ್ಟಿಸಿ ಎರಡನೆಯದಕ್ಕೆ ಬಂದಳು. ಯಾವಾಗಲೂ ಒಂದೇ ಒಯ್ಯುವವಳು ಅಂದೇಕೆ ಎರಡು ಸಲ ಬಂದಳೋ. ತುಂಬಿದ ಕೊಡಪಾನ ಹೊತ್ತು ಇಳಿಯುವಾಗ ಪಾಚಿ ಹಿಡಿದ ಮೆಟ್ಟಿಲಲ್ಲಿ ಜಾರಿದಳು. ಅವಳ ಗಂಡ ಉಮ್ಮರ್ ಅಂಗಡಿಯಿಂದ ಓಡಿ ಬಂದ. ಮಾರನೆ ದಿನ ಹೆರಿಗೆಯಾಯಿತು.

ನಲುವತ್ತು ದಿನ ಕಳೆದ ಮೇಲೆ ಅವಳ ತಾಯಿ ಬೀಯಮ್ಮ ಅವಳನ್ನು ತವರಿಗೆ, ಮುಂಡಾಜೆಗೆ ಕರೆದುಕೊಂಡು ಹೋದರು. ಹೊರಡುವಾಗ ನನಗೆ ಹೇಳಿಯೇ ಹೋದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನು ಉಂಡು ಮಲಗುತ್ತಿದ್ದೆ.

ಕಳೆದ ವಾರ ರುಕ್ಮಯ್ಯನವರನ್ನು ಕರೆಸಿ ಮೊದಲ ರುಜು ನಾನೇ ಹಾಕಿದೆ. ಉಳಿದವರೂ ಹಾಕಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮಳೆಗಾಲದ ಮೊದಲು ನಳ್ಳಿ ಬರುತ್ತದಂತೆ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನ ಅಮ್ಮ,
ನೀಲಾವತಿ

ತಾ.ಕ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಎರಡನೇ ಸಲ ಅವಳನ್ನು ಕೂಗಿ ಕರೆದದ್ದು ನಾನೇ. ಆಗಷ್ಟೇ ಅಂಚೆಯವನು ನಿನ್ನ ಕಾಗದ ಕೊಟ್ಟಿದ್ದ. ನಿನಗೂ ಮೂರು ತಿಂಗಳಾಯಿತೆಂದು ಬರೆದಿದ್ದೆಯಲ್ಲ, ಅದನ್ನು ಅವಳಿಗೆ ಓದಿ ಹೇಳದೆ ನನಗೆ ತಡೆಯಲಿಲ್ಲ. ಕೇಳಿ ಎಷ್ಟು ಸಂತೋಷಪಟ್ಟಳು. ನೀರಿಗೇ ಕರೆದೆನೆಂದು ಕೊಡಪಾನ ಹಿಡಿದೇ ಬಂದಿದ್ದಳು, ಸುಮ್ಮನೆ ಕಳಿಸುವುದು ಹೇಗೆಂದು ಅದನ್ನು ಕಂಠದವರೆಗೆ ತುಂಬಿಸಿ ಕೊಟ್ಟೆ. ನಿನ್ನ ಮನೆಗೆ ನೀರು ಎಲ್ಲಿಂದ ತರುವುದು, ಎಷ್ಟು ಮೆಟ್ಟಿಲು ಉಂಟು, ಕೂಡಲೇ ಬರೆ.