ಅಲೆದಾಟವಲ್ಲ, ಅಡ್ಡಾಟ

ಮನೆಯಿಂದ,
ಮಾರ್ಚ್ ಹತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರೇ,

ಹೇಗಿದ್ದೀರಿ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ನಿಮ್ಮ ಅಡುಗೆಯವನು ಉಪ್ಪು ಸುರಿಯುವುದನ್ನು ನಿಲ್ಲಿಸಿದನೇ? ಇಲ್ಲಿ ನಾನೂ ಮಾವನವರೂ ಚೆನ್ನಾಗಿದ್ದೇವೆ. ಅವರ ಮಂಡಿನೋವು ಎಷ್ಟೋ ವಾಸಿ.

ಇನ್ನು ಸುದ್ದಿ. ಪಕ್ಕದ ಮನೆಯವರು ನಿಮಗೆ ಫೋನ್ ಮಾಡಿ, "ನಿಮ್ಮಪ್ಪ ದಿನಾ ಸಂಜೆ ಎಲ್ಲೆಲ್ಲೋ ಅಲೀತಿರ್ತಾರೆ, ಡಾಕ್ಟರಿಗೆ ತೋರಿಸಿ" ಅಂದರೆಂದು ನೀವು ಗೇಟಿಗೆ ಬೀಗ ಹಾಕಲು ಹೇಳಿದಿರಿ. ಹೆದರಿಕೆ ನನಗೂ ಇತ್ತು. ಬೀಗವನ್ನೂ ತಂದೆ. ಆದರೆ ಮೂವತ್ತು ವರ್ಷ ಬಸ್ಸಿನಲ್ಲಿ ಊರನ್ನೆಲ್ಲ ಹೊತ್ತು ತಿರುಗಿದ ಮನುಷ್ಯನನ್ನು ಕೂಡಿಹಾಕಲು ಕೈ ಬರಲಿಲ್ಲ. ಮೊದಲು ಎಲ್ಲಿಗೆ ಹೋಗುತ್ತಾರೋ ನೋಡೋಣವೆಂದು ಮಂಗಳವಾರ ಬೆಕ್ಕಿನ ಹೆಜ್ಜೆಯಿಟ್ಟು ಹಿಂದೆ ಹೊರಟೆ.

ಆ ನಡಿಗೆಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಲಾಂಡ್ರಿಯ ಪಕ್ಕ ಎಡಕ್ಕೆ ತಿರುಗಿದರು. ಯಾರದೋ ಗೇಟಿಗೆ ಬಣ್ಣ ಬಳಿಯುತ್ತಿದ್ದವನ ಹತ್ತಿರ ನಿಂತು, ಅವನು ಬಿಟ್ಟ ಜಾಗವನ್ನು ಬೆರಳು ಮಾಡಿ ತೋರಿಸಿದರು. ಮುಂದೆ ದಾರಿಯೇ ಇಲ್ಲದ ಓಣಿಯೊಳಗೆ ಹೋಗಿ, ಗೋಡೆಯನ್ನು ನೋಡಿ, ವಾಪಸು ಬಂದರು. ಕಾರಿನಡಿ ಮಲಗಿದ್ದ ನಾಯಿಯ ಯೋಗಕ್ಷೇಮ ವಿಚಾರಿಸಿದರು. ಪಕ್ಕದವರ ಮಾತೇ ನಿಜವಿರಬಹುದೇ? ಅಷ್ಟರಲ್ಲಿ ಅವರು ಕಣ್ಮರೆ! ಆ ತಿರುವು ಈ ತಿರುವು ಹುಡುಕಿ, ಕೊನೆಗೆ ನಾನೇ ಎಲ್ಲಿದ್ದೇನೆಂದು ತಿಳಿಯದೆ ನಿಂತಾಗ ಬೆನ್ನ ಹಿಂದೆ ಕೆಮ್ಮು ಕೇಳಿಸಿತು.

"ಏನಮ್ಮಾ, ದಾರಿ ತಪ್ಪಿತಾ?"

ಲಾಂಡ್ರಿಯ ಹತ್ತಿರವೇ ನನ್ನನ್ನು ಕಂಡಿದ್ದರಂತೆ. "ಕನ್ನಡಿ ನೋಡ್ಕೊಂಡೇ ಬಸ್ ಓಡಿಸಿದೋನಿಗೆ ಹಿಂದೆ ಯಾರಿದ್ದಾರೆ ಅಂತ ಗೊತ್ತಾಗಲ್ವಾ?" ಅಂದರು. ನಾಚಿಕೆಯಾಗಿ ಬೀಗದ ವಿಷಯ ಹೇಳಿಬಿಟ್ಟೆ. ಅಲ್ಲೇ ಕಟ್ಟೆಯ ಮೇಲೆ ಕೂತು ನಕ್ಕರು. ಆಮೇಲೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

"ಅಲೆಯೋದು ಬೇರೆ, ಅಡ್ಡಾಡೋದು ಬೇರೆ ಕಣಮ್ಮಾ. ನಿಮ್ಮತ್ತೆ ಕೈ ಹಿಡಿಯೋಕೆ ಮುಂಚೆ, ಕೆಲಸ ಸಿಗದೆ ನಾನು ಅಲೆದಿದ್ದೀನಿ. ರಾತ್ರಿ ಎಲ್ಲಿ ಮಲಗೋದು ಅಂತ ಗೊತ್ತಿರಲ್ಲ, ಕಾಲು ಮಾತ್ರ ನಡೀತಿರುತ್ತೆ. ಈಗ ಹಾಗಲ್ಲ. ಮನೇಲಿ ನೀನು ಲೈಟ್ ಹಾಕಿರ್ತೀಯ, ನನಗೇನು ಅವಸರ? ಬಸ್ಸಲ್ಲಿದ್ದಾಗ ಎಷ್ಟು ಒಳ್ಳೊಳ್ಳೆ ಓಣಿ ಕಾಣ್ತಿತ್ತು! ತಿರುಗಿಸಿದ್ರೆ ಕಂಡಕ್ಟರ್ ಸುಮ್ನಿರ್ತಿದ್ನಾ?"

ಬೀಗವನ್ನು ಅಂಗಡಿಗೆ ಹಿಂದಿರುಗಿಸಿದೆ. ಈಗ ನಾವಿಬ್ಬರೂ ಜೊತೆಗೇ ಹೊರಡುತ್ತೇವೆ. ಎಲ್ಲಿಗೆ ಎಂದು ಪಕ್ಕದವರು ಕೇಳಿದರೆ ಮಾವ "ಇಲ್ಲೇ" ಎನ್ನುತ್ತಾರೆ. ಎಲ್ಲಿಂದ ಬಂದಿರಿ ಎಂದರೂ "ಇಲ್ಲೇ". ಮದುವೆಯಾಗಿ ಬಂದ ಮೇಲೆ ಮನೆ, ಮಾರ್ಕೆಟ್ಟು ಬಿಟ್ಟು ನಾನೇನು ನೋಡಿದ್ದೆ ಹೇಳಿ? ಈ ಊರು ನನ್ನದೂ ಹೌದು ಅಂತ ಈಗೀಗ ಅನ್ನಿಸುತ್ತಿದೆ.

ಮಾವ ಆಶೀರ್ವಾದ ತಿಳಿಸಿದ್ದಾರೆ. ಎಂಜಿನ್ನಿಗೆ ಹಾಕುವಷ್ಟು ಎಣ್ಣೆಯನ್ನು ತಲೆಗೂ ಹಾಕಿಕೋ ಎಂದು ಬರೆಯಲು ಹೇಳಿದರು. ಮೈ ಕಡೆ ಗಮನವಿರಲಿ.

ನಿಮ್ಮ
ಮನೆಯವಳು

ಅಯ್ಯೋ, ಮರೆತೇಬಿಟ್ಟಿದ್ದೆ: ಹಾಗೆ ಅಡ್ಡಾಡುವಾಗ ಒಂದು ಓಣಿಯಲ್ಲಿ ಬುಕ್ ಬೈಂಡಿಂಗ್ ಅಂಗಡಿ ಸಿಕ್ಕಿತು. ಒಡತಿ ಹಾಳೆಗಳನ್ನು ಹೊಲಿಯುವುದನ್ನು ನೋಡುತ್ತ ನಿಂತೆ. ಮಾರನೆಯ ದಿನವೂ ನಿಂತೆ. "ನೋಡಿದ್ದು ಸಾಕು, ಹೊಲಿ ಬಾ" ಎಂದು ಸೂಜಿ ಕೈಗಿಟ್ಟರು. ನಾಳೆಯಿಂದ ಕೆಲಸಕ್ಕೆ ಹೋಗುತ್ತೇನೆ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಆದರೂ ನಿಮ್ಮಿಂದ ಒಂದು "ಭೇಷ್" ಬಂದರೆ ಬೇಡವೆನ್ನುವುದಿಲ್ಲ.